ಆರ್ಸೆನಿಯೊನ ತಾರಸಿ ಮನೆ

ಆರ್ಸೆನಿಯೊ ಮಗ್ಬನುವಾ 2024ರ ನವೆಂಬರ್ ಹದಿನೈದು, ಶುಕ್ರವಾರ ಬೆಳಿಗ್ಗೆ ದೋಹಾದ ನಜ್ಮಾದಲ್ಲಿ, ಒಂಬತ್ತು ವರ್ಷ ಬಾಡಿಗೆಗಿದ್ದ ಕೋಣೆಯಲ್ಲಿ ತೀರಿಕೊಂಡ. ಹೃದಯಾಘಾತ. ಐವತ್ತೊಂದು ವರ್ಷ. ಅದೇ ಕೋಣೆಯ ಡ್ಯಾರೆಲ್ ಚರ್ಚಿಗೆ ಹೊರಡಲೆಂದು ಅವನನ್ನು ಎಬ್ಬಿಸಲು ಹೋದಾಗ ಏಳಲಿಲ್ಲ. ಡ್ಯಾರೆಲ್ ಮೊದಲು ಆಂಬ್ಯುಲೆನ್ಸಿಗೆ, ಆಮೇಲೆ ನನಗೆ ಫೋನ್ ಮಾಡಿದ. ಆಸ್ಪತ್ರೆ, ಪೊಲೀಸ್, ಎಂಬಸಿ, ಕಂಪನಿ ಎಂದು ಕಾಗದಪತ್ರಗಳೆಲ್ಲ ಮುಗಿದು ಶವ ಊರು ಸೇರಲು ಹನ್ನೊಂದು ದಿನ ಹಿಡಿಯಿತು.

ಊರು ಫಿಲಿಪ್ಪೀನ್ಸಿನ ಪನಾಯ್ ದ್ವೀಪದಲ್ಲಿ, ಆಂಟೀಕೆ ಎಂಬ ಕಡಲ ಬದಿಯ ಸೀಮೆ. ಅಲ್ಲಿ ಸತ್ತವರನ್ನು ಮಣ್ಣು ಮಾಡುವ ಮೊದಲು ಏಳೆಂಟು ದಿನ ಮನೆಯ ನಡುಕೋಣೆಯಲ್ಲೇ ಇಟ್ಟು, ನೆರೆಯವರೆಲ್ಲ ಸರದಿಯಲ್ಲಿ ಕೂತು ಕಾಯುವುದು ಪದ್ಧತಿ. ಆದರೆ ಆರ್ಸೆನಿಯೊನನ್ನು ಅವನೇ ಕಟ್ಟಿಸಿದ ಮನೆಯಲ್ಲಿ ಇಡಲಿಲ್ಲ. ಹೆಂಡತಿ ಮಿಂಡಾ ಅವನನ್ನು ಪಕ್ಕದ ತನ್ನ ಅಣ್ಣನ ಮನೆಯಲ್ಲಿ ಇರಿಸಿದಳು. ಈ ಸುದ್ದಿ ಹೇಳುವಾಗ ಡ್ಯಾರೆಲ್‌ಗೆ ಅದು ದೊಡ್ಡ ಆಶ್ಚರ್ಯ. ನನಗಲ್ಲ. ಆ ಮನೆಯ ನಕ್ಷೆಯ ಮೂಲೆಯಲ್ಲಿ, ಪರಿಶೀಲಿಸಿದವರು ಎಂಬ ಚೌಕದೊಳಗೆ ನನ್ನ ಸಹಿ ಇದೆ.

ನಾನು ಗಿರಿಯಪ್ಪ, ಉಡುಪಿ ಹತ್ತಿರದ ಹಿರಿಯಡ್ಕದವನು. ಕಟ್ಟಡಗಳ ಕಂಬ, ತೊಲೆ, ಸ್ಲ್ಯಾಬುಗಳ ಲೆಕ್ಕ ಹಾಕುವ ಇಂಜಿನಿಯರ್. ಆರ್ಸೆನಿಯೊ ನಮ್ಮ ಕಚೇರಿಯ ಡ್ರಾಫ್ಟ್ಸ್‌ಮನ್. ನಮ್ಮ ಲೆಕ್ಕಗಳನ್ನು ನಕ್ಷೆಯಾಗಿ ಬರೆಯುವವನು. ಹದಿನಾರು ವರ್ಷ, ಮೊದಲು ಸಿ ರಿಂಗ್ ರಸ್ತೆಯ ಹಳೆಯ ಕಟ್ಟಡದಲ್ಲಿ, ಆಮೇಲೆ ಲುಸೈಲಿನ ಗಾಜಿನ ಕಟ್ಟಡದಲ್ಲಿ, ನಾವಿಬ್ಬರು ಬೆನ್ನಿಗೆ ಬೆನ್ನು ಹಾಕಿ ಕೂತವರು. ನಾನು ಕುರ್ಚಿ ಹಿಂದಕ್ಕೆ ತಳ್ಳಿದರೆ ಅವನ ಕುರ್ಚಿಗೆ ತಾಗುತ್ತಿತ್ತು. ತಾಗಿದಾಗಲೆಲ್ಲ ಅವನು ತಿರುಗದೆಯೇ "ಯೆಸ್, ಸರ್ ಗಿರಿ" ಎನ್ನುತ್ತಿದ್ದ. ಆ ಸರ್ ಬೇಡವೆಂದು ಎಷ್ಟೋ ಸಲ ಹೇಳಿದ್ದೆ. ಸರ್ ತೆಗೆದು ಬರೀ ಗಿರಿ ಎಂದು ಕರೆದರೆ ಅವರ ಕಿವಿಗೆ ಅದು ನಾಯಿಮರಿಯ ಹೆಸರಿನಂತೆ ಕೇಳುತ್ತದಂತೆ. ಹಾಗಾಗಿ ಸರ್ ಇರಲಿ ಎಂದಿದ್ದ. ನಾನು ಅವನನ್ನು ಆರ್ಸೆನ್ ಎನ್ನುತ್ತಿದ್ದೆ.

ಅವನು ಕತಾರಿಗೆ ಬಂದದ್ದು 2004ರಲ್ಲಿ, ಎರಡು ವರ್ಷಕ್ಕೆಂದು. ಒಬ್ಬ ಗುತ್ತಿಗೆದಾರನ ಬಳಿ ಕೆಲಸ, ಇಂಡಸ್ಟ್ರಿಯಲ್ ಏರಿಯಾದಲ್ಲಿ ಎಂಟು ಜನರ ಕೋಣೆ. ಆಗ ಅವನ ಕೆಲಸ ಮುಗಿದ ಕಟ್ಟಡಗಳಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಅಳೆದು ಬರೆಯುವುದು. ಕಾಗದದಲ್ಲಿದ್ದ ಗೋಡೆ ಸೈಟಿನಲ್ಲಿ ಒಂದಡಿ ಸರಿದಿರುತ್ತದೆ, ಪೈಪು ಬೇರೆ ಮೂಲೆಯಿಂದ ಇಳಿದಿರುತ್ತದೆ. ಅದೆಲ್ಲವನ್ನೂ ಟೇಪು ಹಿಡಿದು ದಾಖಲಿಸಬೇಕು. "ನೀವು ಇಂಜಿನಿಯರುಗಳು ನಿಮ್ಮ ಆಸೆ ಬರೆಯುತ್ತೀರಿ, ಸರ್ ಗಿರಿ. ಆದದ್ದನ್ನು ಬರೆಯುವುದು ನಾನು" ಎಂದು ನನ್ನನ್ನು ಚುಚ್ಚುತ್ತಿದ್ದ. ಆ ಕೆಲಸದಿಂದಾಗಿ ದೋಹಾದ ಎಷ್ಟೋ ಬೀದಿಗಳ ನೆಲದಡಿ ಯಾವ ಪೈಪು ಎಲ್ಲಿದೆಯೆಂದು ಅವನಿಗೆ ಬಾಯಿಪಾಠವಿತ್ತು. ಇಲ್ಲಿ ಹಳಬರಾದವರೆಲ್ಲರ ಹಾಗೆ, ಕೆಡವಿ ಸಿಗ್ನಲ್ ಮಾಡಿ ಎಷ್ಟೋ ವರ್ಷವಾದ ರೌಂಡ್‌ಅಬೌಟ್‌ಗಳ ಹೆಸರಲ್ಲೇ ದಾರಿ ಹೇಳುತ್ತಿದ್ದ. ಹೊಸ ಟ್ಯಾಕ್ಸಿಯವರು ಕಂಗಾಲಾಗುತ್ತಿದ್ದರು.

ನಮ್ಮಿಬ್ಬರನ್ನು ಹತ್ತಿರ ಮಾಡಿದ್ದು ಒಣಮೀನು. ಅವನೂ ಕಡಲ ಬದಿಯವನು, ನಾನೂ. ಅನ್ನ, ತೆಂಗು, ಮೀನು ಇಬ್ಬರಿಗೂ ಒಂದೇ. 2009ರಲ್ಲಿ ಒಂದು ದಿನ ಕಚೇರಿಯ ಅಡುಗೆಮೂಲೆಯಲ್ಲಿ ಮೈಕ್ರೋವೇವಿನಲ್ಲಿ ಮೀನು ಬಿಸಿ ಮಾಡಬಾರದೆಂದು ನೋಟಿಸ್ ಬಿತ್ತು. ತಪ್ಪಿತಸ್ಥ ಅವನೆಂದು ನಾನು ತಿಳಿದಿದ್ದೆ, ನಾನೆಂದು ಅವನು. ಇಬ್ಬರದ್ದೂ ನಿಜವೇ ಆಗಿತ್ತು. ನಮ್ಮ ಕೆಲಸದಲ್ಲಿ ಒಂದು ರೂಢಿಯಿದೆ: ನಕ್ಷೆಯಲ್ಲಿ ಏನಾದರೂ ಬದಲಾದರೆ ಆ ಜಾಗದ ಸುತ್ತ ಕೆಂಪಿನಲ್ಲಿ ಮೋಡದಂಥ ಗೆರೆ ಎಳೆದು, ಪಕ್ಕದಲ್ಲಿ ಎಷ್ಟನೇ ಬದಲಾವಣೆಯೆಂದು ಬರೆಯಬೇಕು. ಮರುದಿನ ಆ ನೋಟಿಸಿನಲ್ಲಿ ಮೀನು ಎಂಬ ಪದದ ಸುತ್ತ ಕೆಂಪು ಮೋಡವಿತ್ತು. ಪಕ್ಕದಲ್ಲಿ "ಗುರುವಾರ ಬಿಟ್ಟು" ಎಂದಿತ್ತು. ಇನ್ನೊಮ್ಮೆ ನಾನು ಊರಿಂದ ದಪ್ಪವಾಗಿ ಬಂದಾಗ ನನ್ನ ಮೇಜಿನ ಫೋಟೋದಲ್ಲಿ ಹೊಟ್ಟೆಯ ಸುತ್ತ ಮೋಡ ಎಳೆದಿದ್ದ. ಆ ಫೋಟೋ ಈಗಲೂ ನನ್ನಲ್ಲಿದೆ.

ಅವನು ಎರಡು ವರ್ಷಕ್ಕೊಮ್ಮೆ ರಜೆ ಹೋಗುತ್ತಿದ್ದ, ಯಾವಾಗಲೂ ಡಿಸೆಂಬರಿನಲ್ಲಿ. ಕ್ರಿಸ್‌ಮಸ್‌ಗೆ ಊರಲ್ಲಿರಬೇಕು, ಕಚೇರಿಯಲ್ಲೂ ಆಗ ಕೆಲಸ ಕಡಿಮೆ. ನಾವು ಭಾರತದವರು ಹೋಗುವುದು ಮಕ್ಕಳ ಶಾಲೆಗೆ ರಜೆ ಸಿಗುವ ಜುಲೈ, ಆಗಸ್ಟಿನಲ್ಲಿ. ಅಂದರೆ ಸರಿಯಾಗಿ ಮಳೆಗಾಲದಲ್ಲಿ. ಒದ್ದೆ ಬಟ್ಟೆ, ಬೂಸ್ಟು ಹಿಡಿದ ಸೂಟ್‌ಕೇಸಿನ ಜೊತೆ ನಾನು ವಾಪಸು ಬಂದರೆ, ಅವನು ಬರುತ್ತಿದ್ದದ್ದು ಬಿಸಿಲಿಗೆ ಕಪ್ಪಾಗಿ. ಇದನ್ನು ನಾವು ತಮಾಷೆಯಾಗಿ ಮಾತಾಡಿಕೊಂಡಿದ್ದೆವೇ ಹೊರತು ಇದರಲ್ಲಿ ಏನಾದರೂ ಇದೆಯೆಂದು ಇಬ್ಬರಿಗೂ ಹೊಳೆದಿರಲಿಲ್ಲ.

2013ರ ನವೆಂಬರಿನಲ್ಲಿ ಅವರ ಕಡೆ ದೊಡ್ಡ ಚಂಡಮಾರುತ ಬೀಸಿತು. ನಾಲ್ಕು ದಿನ ಅವನಿಗೆ ಮನೆಯವರ ಸುದ್ದಿ ಸಿಗಲಿಲ್ಲ. ಅವನು ರಜೆ ಹಾಕದೆ ಬಂದು ಮೇಜಿನ ಮೇಲೆ ಫೋನ್ ಇಟ್ಟುಕೊಂಡು ಡ್ರಾಯಿಂಗ್ ಮಾಡುತ್ತಿದ್ದ. ಯಾರೂ ಅವನನ್ನು ಮಾತಾಡಿಸುವ ಧೈರ್ಯ ಮಾಡಲಿಲ್ಲ. ಐದನೆಯ ದಿನ ಮಿಂಡಾಳ ಕರೆ ಬಂತು. ಅವಳು, ಮಗಳು, ಆರ್ಸೆನ್‌ನ ತಾಯಿ ಮೂವರೂ ಶಾಲೆಯ ಕಟ್ಟಡದಲ್ಲಿದ್ದು ಉಳಿದಿದ್ದರು. ಬಿದಿರಿನ ಗೋಡೆಯ ಹಳೆಯ ಮನೆಯ ತಗಡಿನ ಮಾಡು ಹಾರಿಹೋಗಿತ್ತು. ಅದು ಮೂರು ಗದ್ದೆ ಆಚೆ ಸಿಕ್ಕಿತಂತೆ.

ಅವತ್ತೇ ಅವನು ನನಗೆ ಹೇಳಿದ, ಇನ್ನು ಕಟ್ಟುವ ಮನೆಯ ಮಾಡನ್ನು ಯಾವ ಗಾಳಿಯೂ ಎತ್ತಬಾರದು ಎಂದು. ಕಾಂಕ್ರೀಟಿನ ತಾರಸಿ ಹಾಕಬೇಕು. ಡ್ರಾಯಿಂಗ್ ಅವನೇ ಮಾಡುತ್ತಾನೆ, ಸ್ಲ್ಯಾಬನ್ನೂ ಕಂಬಗಳನ್ನೂ ನಾನು ನೋಡಬೇಕು. ನನಗೆ ಅದರಷ್ಟು ಸಂತೋಷದ ಕೆಲಸ ಬೇರೆ ಇರಲಿಲ್ಲ. ಗಂಟೆಗೆ ಇನ್ನೂರೈವತ್ತು ಕಿಲೋಮೀಟರಿನ ಗಾಳಿಗೆ ಲೆಕ್ಕ ಹಾಕಿದೆ. ಕಂಬಿ ಹೆಚ್ಚಿಸಿದೆ, ತಳಪಾಯ ಆಳ ಮಾಡಿಸಿದೆ. ಯಾವ ಅರಮನೆಗೂ ನಾನು ಅಷ್ಟು ಜಾಗ್ರತೆ ಮಾಡಿರಲಿಲ್ಲ.

ಉಳಿದದ್ದನ್ನೆಲ್ಲ ಅವನು ತನ್ನ ಕೈ ಪಳಗಿದ ಹಾಗೆ ಬರೆದಿದ್ದ. ಅಷ್ಟು ವರ್ಷ ಅವನ ಕೈ ಪಳಗಿದ್ದು ದೋಹಾದ ವಿಲ್ಲಾಗಳಲ್ಲಿ. ಪಶ್ಚಿಮಕ್ಕೆ ಸಣ್ಣ ಕಿಟಕಿಗಳು. ಧೂಳು, ಬಿಸಿಲು ಬರಬಾರದಲ್ಲ. ಅಡುಗೆಮನೆ ಒಳಗೆ, ಹೊಗೆ ಎಳೆಯುವ ಫ್ಯಾನಿನೊಂದಿಗೆ. ಬಂದವರನ್ನು ಕೂರಿಸಲು ಮುಂದೆ ಬೇರೆಯೇ ಬಾಗಿಲಿನ ಮಜ್ಲಿಸ್ ಕೋಣೆ. ಮೇಲೆ ಮಟ್ಟಸವಾದ ತಾರಸಿ, ಅದರ ಸುತ್ತ ಎದೆಮಟ್ಟದ ಪ್ಯಾರಾಪೆಟ್ ಗೋಡೆ, ಇಡೀ ತಾರಸಿಗೆ ನೀರು ಇಳಿಯಲು ಎರಡು ಸಣ್ಣ ಪೈಪು. ಇಲ್ಲಿ ವರ್ಷಕ್ಕೆ ಏಳೆಂಟು ದಿನ ಮಳೆ ಬಂದರೆ ಹೆಚ್ಚು, ಎರಡು ಪೈಪೇ ದಂಡ.

2014ರ ಫೆಬ್ರವರಿಯ ಒಂದು ಶುಕ್ರವಾರ ಅವನು ನಮ್ಮ ಮನೆಗೆ ಊಟಕ್ಕೆ ಬಂದಿದ್ದ. ಮೇಜಿನ ಮೇಲೆ ಡ್ರಾಯಿಂಗ್ ಹರಡಿ ಮಾತಾಡುತ್ತಿದ್ದೆವು. ನನ್ನ ಹೆಂಡತಿ ಉಮಾವತಿ ಅನ್ನದ ಪಾತ್ರೆ ತಂದಳು, ಇಡಲು ಜಾಗವಿಲ್ಲದೆ ಒಂದು ಕ್ಷಣ ಕಾಗದ ನೋಡುತ್ತ ನಿಂತಳು. ಮನೆಯಲ್ಲಿ ನಮ್ಮದು ತುಳು. ತುಳುವಿನಲ್ಲೇ ಕೇಳಿದಳು:

"ಇದ್ರಲ್ಲಿ ಮಳೆನೀರು ಎಲ್ಲಿಗೆ ಹೋಗ್ತದೆ ಮಾರಾಯ್ರೆ?"

ಪೈಪು ಇದೆಯಲ್ಲ ಎಂದು ತೋರಿಸಿದೆ.

"ಎರಡೇ ಎರಡಾ? ಆಟಿ ತಿಂಗಳ ಮಳೆಗೆ ನಮ್ಮಲ್ಲಿ ಎರಡು ಪೈಪು ಇಟ್ಟು ಕೂತ್ರೆ ಏನಾಗ್ತಿತ್ತು? ಇವರಲ್ಲಿ ನಮ್ಮಷ್ಟು ಮಳೆ ಇಲ್ವಾ?"

ಅದು ಸ್ಟ್ಯಾಂಡರ್ಡ್ ಡೀಟೇಲ್, ನಿನಗೆ ಗೊತ್ತಾಗುವುದಿಲ್ಲ ಎಂದೆ. "ನೀನು ಅನ್ನ ಬಡಿಸು, ಮನೆ ನಾವು ಕಟ್ಟುತ್ತೇವೆ" ಎಂದೂ ಸೇರಿಸಿದೆ. ಅವಳು ಪಾತ್ರೆಯನ್ನು ಡ್ರಾಯಿಂಗಿನ ಪಕ್ಕಕ್ಕೆ ತಳ್ಳಿ ಇಟ್ಟು ಒಳಗೆ ಹೋದಳು. ಮೇಡಂ ಏನೆಂದರು ಎಂದು ಆರ್ಸೆನ್ ಕೇಳಿದ. ಅನ್ನ ಆರುತ್ತದೆ, ಬೇಗ ಊಟ ಮಾಡಿ ಅಂತಾಳೆ ಎಂದೆ. ಊಟ ಮಾಡಿದೆವು. ಉಮಾವತಿಯ ಒಣಮೀನು ಚಟ್ನಿಯನ್ನು ಅವನು ಮೂರು ಸಲ ಹಾಕಿಸಿಕೊಂಡ. ಆಮೇಲೆ ನಾನು ಕೈ ತೊಳೆದುಕೊಂಡು ಬಂದು ಸಹಿ ಹಾಕಿದೆ.

ಮಿಂಡಾಳ ಅಣ್ಣ ಮೇಸ್ತ್ರಿ. ಡ್ರಾಯಿಂಗುಗಳು ಅವನಿಗೆ ಹೋಗುತ್ತಿದ್ದವು, ಅವನು ಒಂದಿಂಚೂ ಬದಲಿಸದೆ ಕಟ್ಟುತ್ತಿದ್ದ. ದೋಹಾದಿಂದ ಬಂದ ಕಂಪ್ಯೂಟರ್ ನಕ್ಷೆ, ಇಬ್ಬರ ಸಹಿ ಇದ್ದದ್ದು. ಅದರಲ್ಲಿ ತಪ್ಪಿರುತ್ತದೆಂದು ಅವನಾದರೂ ಯಾಕೆ ಯೋಚಿಸಿಯಾನು? ಮನೆ ಮುಗಿಯಲು ನಾಲ್ಕು ವರ್ಷವಾಯಿತು. 2018ರ ಡಿಸೆಂಬರಿನಲ್ಲಿ ಗೃಹಪ್ರವೇಶದ ಪೂಜೆಗೆ ಪಾದ್ರಿ ಬಂದರು, ಊರಿಗೆಲ್ಲ ಹಂದಿ ಸುಟ್ಟು ಊಟ ಹಾಕಿದರು. ಆರ್ಸೆನ್ ತಂದ ಫೋಟೋದಲ್ಲಿ ಅಚ್ಚ ಬಿಳಿಯ ಮನೆ ಬಿಸಿಲಿನಲ್ಲಿ ನಿಂತಿತ್ತು. ಇದು ದೋಹಾ ಪಕ್ಕದ ವಕ್ರಾ ಊರಿನ ವಿಲ್ಲಾ ಅಲ್ಲವೇ ಎಂದು ಕಚೇರಿಯವರು ಛೇಡಿಸಿದರು. ಅವನಿಗೆ ಅದು ಹೊಗಳಿಕೆಯಾಗಿಯೇ ಕೇಳಿಸಿತು. ನನಗೂ.

ಮಿಂಡಾಳಿಗೆ ಫೋನ್ ಮಾಡಿದಾಗಲೆಲ್ಲ ಮನೆ ಹೇಗಿದೆಯೆಂದು ಕೇಳುತ್ತಿದ್ದ. ಚೆನ್ನಾಗಿದೆ ಎನ್ನುತ್ತಿದ್ದಳು.

2023ರ ಜುಲೈಯಲ್ಲಿ ಅವನ ತಾಯಿ ತೀರಿಕೊಂಡರು. ಎಂಬತ್ತೊಂದು ವರ್ಷದವರು, ಕಾಯಿಲೆಯೇನೂ ಇರಲಿಲ್ಲ. ಸಿಕ್ಕಿದ ವಿಮಾನ ಹಿಡಿದು ಹೋದ. ಕತಾರಿಗೆ ಬಂದ ಹತ್ತೊಂಬತ್ತು ವರ್ಷಗಳಲ್ಲಿ ಅವನು ಮಳೆಗಾಲದಲ್ಲಿ ಊರಿಗೆ ಹೋದದ್ದು ಅದೇ ಮೊದಲು.

ಅಲ್ಲಿ ಏನಾಯಿತೆಂದು ಅವನು ನನಗೆ ಹೇಳಿದ್ದು ವಾಪಸಾದ ಎರಡು ವಾರದ ಮೇಲೆ, ಸೂಕ್ ವಾಕಿಫ್ ಎಂಬ ಹಳೆಯ ಪೇಟೆಯ ಒಂದು ಚಹಾದಂಗಡಿಯಲ್ಲಿ. ಸಂಜೆ ಆರರ ಹೊತ್ತು. ಆಗಸ್ಟಿನ ಸೆಕೆಗೆ ಹೊರಗಿನ ಕುರ್ಚಿಗಳೆಲ್ಲ ಖಾಲಿಯಾಗಿದ್ದವು, ಅವನು ಮಾತ್ರ ಹೊರಗೇ ಕೂರೋಣ ಎಂದ.

ಅವನು ತಲುಪಿದಾಗ ನಾಲ್ಕು ದಿನದಿಂದ ಮಳೆ ಬಿಟ್ಟಿರಲಿಲ್ಲ. ತಾಯಿಯ ಶವಪೆಟ್ಟಿಗೆ ನಡುಕೋಣೆಯಲ್ಲಿತ್ತು. ನೆರೆಯವರು ಅಲ್ಲಿನ ಪದ್ಧತಿಯಂತೆ ಪಕ್ಕದಲ್ಲಿ ಕೂತು ಇಸ್ಪೀಟು ಆಡುತ್ತಿದ್ದರು. ಸತ್ತವರನ್ನು ಒಂಟಿಯಾಗಿ ಬಿಡಬಾರದು, ಕಾಯುವವರಿಗೆ ನಿದ್ದೆ ಬರಬಾರದು, ಅದಕ್ಕೆ ಆಟ. ಮಧ್ಯಾಹ್ನದ ಹೊತ್ತಿಗೆ ಪೆಟ್ಟಿಗೆಯ ಮುಚ್ಚಳದ ಗಾಜಿನ ಮೇಲೆ ಒಂದು ಹನಿ ಬಿತ್ತು. ಆರು ಜನ ಎಲೆಗಳನ್ನು ಕವುಚಿಟ್ಟು ಎದ್ದರು, ಪೆಟ್ಟಿಗೆಯನ್ನು ಎತ್ತಿ ನಾಲ್ಕಡಿ ಆಚೆಗಿಟ್ಟರು. ಒಬ್ಬ ಹೆಂಗಸು ಮೂಲೆಯಿಂದ ಬೋಗುಣಿ ತಂದು ಹನಿ ಬೀಳುವಲ್ಲಿ ಇಟ್ಟಳು. ಮತ್ತೆ ಆಟಕ್ಕೆ ಕೂತರು. ಮರುದಿನ ಇನ್ನೊಮ್ಮೆ ಎತ್ತಬೇಕಾಯಿತು. ಮೂರನೆಯ ಸಲ ಆರ್ಸೆನ್ ತಾನೂ ಕೈಕೊಟ್ಟು ಪೆಟ್ಟಿಗೆಯನ್ನು ಕಿಟಕಿಯ ಕಡೆ ಎಳೆಯಲು ಹೋದ. ಪಕ್ಕದ ಮನೆಯ ಮುದುಕಿ ಅವನ ಮೊಣಕೈ ಹಿಡಿದು ನಿಲ್ಲಿಸಿದಳಂತೆ. "ಅಲ್ಲಿ ಬೇಡ ಮಗಾ. ಗಾಳಿ ತಿರುಗಿದರೆ ಅಲ್ಲಿ ಶುರುವಾಗ್ತದೆ."

"ಎಲ್ಲರಿಗೂ ಗೊತ್ತಿತ್ತು, ಸರ್ ಗಿರಿ" ಎಂದ ಅವನು. "ನನ್ನ ಮನೆ ಎಲ್ಲೆಲ್ಲಿ ಸೋರುತ್ತದೆ ಅಂತ ಇಡೀ ಬೀದಿಗೆ ಗೊತ್ತಿತ್ತು. ಅಳೆದು ಬರೆದುಕೊಂಡವರ ಹಾಗೆ."

ಅವನು ತಾರಸಿಗೆ ಹತ್ತಿ ನೋಡಿದನಂತೆ. ಪ್ಯಾರಾಪೆಟ್ ಗೋಡೆಯ ನಡುವೆ ಮೊಣಕಾಲಿನವರೆಗೆ ನೀರು. ಆ ಮನೆ ಐದು ಮಳೆಗಾಲ ತಲೆಯ ಮೇಲೆ ಕೆರೆ ಹೊತ್ತು ನಿಂತಿತ್ತು. ಎಲೆ ಕಟ್ಟಿಕೊಂಡ ಪೈಪಿನ ಬಾಯಿಗೆ ಕೈ ಹಾಕಿದಾಗ ಅವನಿಗೆ ಅದರ ಅಳತೆ ಬೆರಳಿಗೇ ಗೊತ್ತಾಯಿತು. ಇಲ್ಲಿ ಮುನ್ನೂರು ವಿಲ್ಲಾಗಳಿಗೆ ಅದನ್ನೇ ಬರೆದಿದ್ದ. ಆಮೇಲೆ ಉಳಿದದ್ದೂ ಒಂದೊಂದಾಗಿ ಕಂಡಿತು. ಸಣ್ಣ ಕಿಟಕಿಗಳಿಂದ ಗಾಳಿಯಾಡದೆ ಗೋಡೆಗೆಲ್ಲ ಬೂಸ್ಟು. ಒಳಗಿನ ಅಡುಗೆಮನೆಯಲ್ಲಿ ಒಲೆ ಹಚ್ಚಿದ ಗುರುತೇ ಇಲ್ಲ. ಮಿಂಡಾ ಮನೆಯ ಹಿಂದೆ ತಗಡಿನ ಮಾಡು ಇಳಿಸಿಕೊಂಡು ಅಲ್ಲಿ ಅಡುಗೆ ಮಾಡುತ್ತಿದ್ದಳು. ಅದೇ ತಗಡಿನ ಕೆಳಗೆ ಒಂದು ಮಂಚ. ಮಳೆಗಾಲವೆಲ್ಲ ಅವನ ತಾಯಿ ಮಲಗುತ್ತಿದ್ದದ್ದು, ಕೊನೆಯುಸಿರೆಳೆದದ್ದು ಅಲ್ಲಿ. ಎರಡು ವರ್ಷಕ್ಕೊಮ್ಮೆ ನವೆಂಬರಿನಲ್ಲಿ, ಅವನು ಬರುವ ಮೊದಲು, ಮಿಂಡಾ ಗೋಡೆಗಳಿಗೆ ಸುಣ್ಣ ಬಳಿಸಿ ಮಂಚವನ್ನು ಒಳಗೆ ಹಾಕಿಸುತ್ತಿದ್ದಳು.

ಯಾಕೆ ಹೇಳಲಿಲ್ಲವೆಂದು ಅವಳನ್ನು ಕೇಳಿದ್ದಾನೆ. ನೀನು ಅಷ್ಟು ದೂರದಿಂದ ಕಳಿಸಿದ ಮನೆ, ಅದು ಸೋರುತ್ತದೆ ಅಂತ ಯಾವ ಬಾಯಲ್ಲಿ ಹೇಳಲಿ ಎಂದಳಂತೆ.

"ನನಗೆ ಊರು ಗೊತ್ತು ಅಂದುಕೊಂಡಿದ್ದೆ" ಎಂದ. ಅವನ ಚಹಾ ಹಾಗೆಯೇ ಇತ್ತು. "ನನಗೆ ಗೊತ್ತಿರುವುದು ಡಿಸೆಂಬರಿನ ಊರು. ಜುಲೈಯಲ್ಲಿ ಅದು ಹೇಗಿರುತ್ತದೆ ಅಂತ ಮರೆತುಹೋಗಿದೆ. ಅಲ್ಲೇ ಹುಟ್ಟಿದವನು ನಾನು. ಇಲ್ಲಿ ಇಪ್ಪತ್ತು ವರ್ಷ ಕೂತು ಅಲ್ಲಿನ ಹೆಂಗಸರಿಗೆ ಇಲ್ಲಿನ ಮನೆ ಕಟ್ಟಿಕೊಟ್ಟೆ."

ತಪ್ಪು ನನ್ನದೂ ಹೌದು ಎಂದೆ. ಅಲ್ಲ, ನೀವು ನೋಡಿದ್ದು ಸ್ಲ್ಯಾಬು, ಸ್ಲ್ಯಾಬಿಗೆ ಏನೂ ಆಗಿಲ್ಲ, ಗಟ್ಟಿ ಇದೆ ಎಂದು ನನ್ನನ್ನೇ ಸಮಾಧಾನ ಮಾಡಿದ. ಆಗ ಉಮಾವತಿ ಕೇಳಿದ ಮಾತನ್ನು ಹೇಳಿಬಿಡಬೇಕಿತ್ತು. ಬಾಯಿಗೆ ಬಂತು. ಆದರೆ ಅವನು ಅಷ್ಟು ಒಳ್ಳೆಯತನದಿಂದ ನನ್ನನ್ನು ಬಿಟ್ಟುಬಿಟ್ಟಿದ್ದ, ನಾನು ಹಾಗೆಯೇ ಬಿಡಿಸಿಕೊಂಡೆ. ಅವತ್ತು ಮನೆಗೆ ಬಂದು ಉಮಾವತಿಗೆ ಎಲ್ಲ ಹೇಳಿದೆ. ಅವಳು "ನಾನು ಅವತ್ತೇ ಹೇಳಿದ್ದೆ" ಎನ್ನುತ್ತಾಳೆಂದು ಕಾದೆ. ಅವಳು ಎಂದದ್ದು ಇಷ್ಟೇ: "ಅವರಿಗೆ ಹೇಳಿದ್ರಾ?" ಇಲ್ಲವೆಂದೆ. ಆಮೇಲೆ ಆ ವಿಷಯ ನನ್ನ ಹತ್ತಿರ ಎತ್ತಲಿಲ್ಲ. ಆರ್ಸೆನ್ ಊಟಕ್ಕೆ ಬಂದ ದಿನಗಳಲ್ಲಿ ಮಾತ್ರ, ಬಡಿಸುವಾಗ ಒಮ್ಮೆ ನನ್ನ ಮುಖ ನೋಡುತ್ತಿದ್ದಳು.

ಅವನು ಕತಾರ್ ಬಿಟ್ಟು ಊರಿಗೆ ಹೋಗಿಬಿಡುವುದೆಂದು ನಿಶ್ಚಯಿಸಿದ್ದ. 2024ರ ಮಾರ್ಚಿಗೆ ಖಲಾಸ್ ಎಂದಿದ್ದ. ಆದರೆ ಹೋಗುವ ಮೊದಲು ಮನೆಗೆ ಸರಿಯಾದ ಮಾಡು ಬರೆಯಬೇಕು, ಈ ಸಲ ತಪ್ಪಬಾರದು. ತಾರಸಿಯ ಮೇಲೆ ಇಳಿಜಾರಿನ ತಗಡು ಹಾಕಿದರೆ ಮುಗಿಯಿತಲ್ಲ ಎಂದು ಬೇರೆ ಯಾರಾದರೂ ಹೇಳುತ್ತಿದ್ದರು. ಹೇಳಬೇಕಾದವನು ನಾನು. ಆದರೆ ತಗಡು ಹಾರಿಹೋದದ್ದನ್ನು ಅವನು ಮರೆತಿರಲಿಲ್ಲ. ನನಗೂ ಮೈಯೆಲ್ಲ ಹೆದರಿಕೆ ಹೊಕ್ಕಿತ್ತು. ಅವನು ಒಂದು ಮಾಡು ಬರೆಯುತ್ತಿದ್ದ, ನಾನು ಗಾಳಿಗೆ ಲೆಕ್ಕ ಹಾಕಿ ಇಲ್ಲಿ ಹಿಡಿತ ಸಾಲದು ಎನ್ನುತ್ತಿದ್ದೆ. ಅವನು ಬದಲಿಸುತ್ತಿದ್ದ. ನೀರಿನ ಹರಿವು ಕೆಡುತ್ತಿತ್ತು. ಮತ್ತೆ ಬದಲಿಸುತ್ತಿದ್ದ. ಪ್ರತಿಯೊಂದನ್ನೂ ಮಿಂಡಾಳಿಗೆ ಕಳಿಸುತ್ತಿದ್ದ, ಅವಳು ಪ್ರತಿಯೊಂದಕ್ಕೂ ಚೆನ್ನಾಗಿದೆ ಎಂದು ಉತ್ತರಿಸುತ್ತಿದ್ದಳು. ಆ ಚೆನ್ನಾಗಿದೆಯನ್ನು ನಂಬುವುದು ಹೇಗೆಂದು ತಿಳಿಯದೆ ಅವನು ಇನ್ನೊಂದು ಬರೆಯುತ್ತಿದ್ದ. ಹೊರಡುವ ದಿನ ಮಾರ್ಚಿನಿಂದ ಜೂನಿಗೆ, ಜೂನಿನಿಂದ ಡಿಸೆಂಬರಿಗೆ ಹೋಯಿತು. ಒಂದು ಕಾಗದಕ್ಕಾಗಿ ನಾನು ಅವನನ್ನು ಎಂಟು ತಿಂಗಳು ಇಲ್ಲಿ ಕೂರಿಸಿದೆ. ಆ ಎಂಟು ತಿಂಗಳನ್ನು ಅವನು ಮಿಂಡಾಳ ತಗಡಿನ ಕೆಳಗೆ ಕಳೆದಿದ್ದರೂ ಸುಖವಾಗಿರುತ್ತಿದ್ದ.

ನವೆಂಬರ್ ಹದಿನಾಲ್ಕರ ಗುರುವಾರ ಮಧ್ಯಾಹ್ನ ಅವನು ಹನ್ನೊಂದನೆಯ ಡ್ರಾಯಿಂಗನ್ನು ನನ್ನ ಮೇಜಿಗೆ ತಂದಿಟ್ಟ. ಎಲ್ಲ ಸರಿಯಿತ್ತು. ಗಾಳಿಗೂ ಸರಿ, ನೀರಿಗೂ ಸರಿ. ನಾನು ಪೆನ್ನು ತೆಗೆದೆ, ಸಹಿಯ ಚೌಕದ ಮೇಲೆ ಹಿಡಿದೆ, ಕೈ ಓಡಲಿಲ್ಲ. ಕುರ್ಚಿ ತಿರುಗಿಸಿ ಹೇಳಿದೆ.

"ಆರ್ಸೆನ್, ಅವತ್ತು ಉಮಾವತಿ ಅನ್ನ ಆರುತ್ತದೆ ಅಂದಿರಲಿಲ್ಲ."

ಯಾವತ್ತು ಎಂದು ಕೇಳಿದ. ನಿನ್ನ ಮನೆಯ ನಕ್ಷೆ ನಮ್ಮ ಊಟದ ಮೇಜಿನ ಮೇಲಿದ್ದ ದಿನ ಎಂದೆ. ಅವಳು ಕೇಳಿದ್ದನ್ನೂ ನಾನು ಹೇಳಿದ್ದನ್ನೂ ಒಂದೂ ಬಿಡದೆ ಹೇಳಿದೆ. ಅವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತ ಕೂತ.

"ಎಷ್ಟು ಹೊತ್ತು ನೋಡಿದ್ದರು ಮೇಡಂ ಆ ಡ್ರಾಯಿಂಗ್?"

"ಅನ್ನದ ಪಾತ್ರೆ ಕೆಳಗಿಡುವಷ್ಟು ಹೊತ್ತು."

ಅವನು ತಲೆಯಾಡಿಸಿದ. "ಮೊದಲ ಡ್ರಾಯಿಂಗನ್ನು ಮಿಂಡಾ ನೋಡಲೇ ಇಲ್ಲ. ನಾನು ಕಳಿಸುತ್ತಿದ್ದದ್ದು ಅವಳ ಅಣ್ಣನಿಗೆ."

ಈಗಿನ ಹನ್ನೊಂದನ್ನೂ ಅವಳಿಗೇ ಕಳಿಸಿದ್ದೀಯಲ್ಲ ಎಂದೆ.

"ಕಳಿಸಿದ್ದೇನೆ, ಸರ್ ಗಿರಿ. ತೋರಿಸಿದ್ದೇನೆ. ಕೇಳಿಲ್ಲ."

ಅವನು ನನ್ನನ್ನು ಬೈಯಲಿಲ್ಲ. ಪರವಾಗಿಲ್ಲ ಎನ್ನಲೂ ಇಲ್ಲ. ಶನಿವಾರ ಅವನನ್ನು ಮನೆಗೆ ಕರೆದು ಉಮಾವತಿಯ ಎದುರಿಗೇ ಕ್ಷಮೆ ಕೇಳೋಣವೆಂದು ನಾನು ಮನಸ್ಸಿನಲ್ಲೇ ಗೊತ್ತುಮಾಡಿಕೊಂಡೆ. ಆ ಶನಿವಾರ ನಾನು ಶವಾಗಾರದ ಕಚೇರಿಯಲ್ಲಿ ಅವನ ಪಾಸ್‌ಪೋರ್ಟಿನ ಪ್ರತಿ ಹಿಡಿದು ಕೂತಿದ್ದೆ.

ಗುರುವಾರ ಕೋಣೆಗೆ ಹೋದವನು ತಲೆನೋವೆಂದು ಊಟ ಮಾಡದೆ ಬೇಗ ಮಲಗಿದನೆಂದು ಡ್ಯಾರೆಲ್ ಹೇಳುತ್ತಾನೆ. ಹಾಗಾಗಿ ಅವನು ಮನಸ್ಸಿಟ್ಟು ಮಾಡಿದ ಕೊನೆಯ ಕೆಲಸ ನಾನು ಕಣ್ಣಾರೆ ಕಂಡದ್ದೇ.

ನಾಲ್ಕೂವರೆಗೆ ಬಸ್ಸು ಹೊರಡಬೇಕು. ಉಳಿದವರೆಲ್ಲ ಚೀಲ ಹೆಗಲಿಗೇರಿಸಿ ಯಲ್ಲಾ, ಯಲ್ಲಾ ಎಂದು ಅವಸರಿಸುತ್ತಿದ್ದರು. ಆರ್ಸೆನ್ ಕಂಪ್ಯೂಟರಿನಲ್ಲಿ ಮನೆಯ ನಕ್ಷೆ ತೆರೆದ. ಮಾಡನ್ನು ಅಳಿಸಿದ. ಕಿಟಕಿಗಳನ್ನು ಅಳಿಸಿದ, ಒಳಗಿನ ಗೋಡೆಗಳನ್ನು, ಮಜ್ಲಿಸ್ ಕೋಣೆಯನ್ನು, ಅಡುಗೆಮನೆಯ ಕಟ್ಟೆಯನ್ನು ಅಳಿಸಿದ. ಹೊರಗಿನ ನಾಲ್ಕು ಗೋಡೆ, ಕಡಲು ಯಾವ ಕಡೆಗೆಂದು ತೋರಿಸುವ ಒಂದು ಗೆರೆ, ಇಷ್ಟು ಉಳಿಯಿತು. ಅದನ್ನು ಪ್ರಿಂಟ್ ತೆಗೆದು ಮೇಜಿನ ಮೇಲೆ ಸರಿಯಾಗಿ ಹಾಸಿ, ನೆರಳು ಬೀಳದ ಹಾಗೆ ಬಾಗಿ ಫೋನಿನಲ್ಲಿ ಫೋಟೋ ತೆಗೆದ. ಮೆಸೆಂಜರಿನಲ್ಲಿ ಮಿಂಡಾಳಿಗೆ ಹಾಕಿ, ಕೆಳಗೆ ಅವರ ಭಾಷೆಯಲ್ಲಿ ಏನೋ ಬರೆದ, ಅಳಿಸಿದ, ಮತ್ತೆ ಬರೆದ. ಏನೆಂದು ಬರೆದೆ ಎಂದು ಕೇಳಿದೆ.

"ಮಳೆ ಯಾವ ಕಡೆಯಿಂದ ಬರುತ್ತದೆ ಅಂತ ಕೇಳಿದ್ದೇನೆ. ನಿನಗೆ ಬಾಗಿಲು ಎಲ್ಲಿ ಬೇಕು, ಒಲೆ ಎಲ್ಲಿ ಬೇಕು ಅಂತ. ಪೆನ್ಸಿಲಿನಲ್ಲಿ ಗೆರೆ ಎಳೆದು ಕಳಿಸು, ಚೆನ್ನಾಗಿದೆ ಅಂತ ಮಾತ್ರ ಬರೆಯಬೇಡ ಅಂತ."

ಹಾಗೆಂದು ಹೇಳಿ ಅದನ್ನು ಕಳಿಸಿದ.